ತಾಯಿಮರಿಗೆ ಒಂದೇ ಸಾಲು

ಹತ್ತು ಸಾಲೂ ಇಲ್ಲದ ಒಂದು ಪೈಥಾನ್ ಫಂಕ್ಷನ್ ಸರಿಮಾಡಿದ ಕಥೆ ಇದು. ತಗುಲಿದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡು ಬೆಳಗು, ದುರ್ಗಕ್ಕೆ ಹೋಗಿಬಂದ ಒಂದು ದಿನ, ಮಣ್ಣಿಗೆ ಸುರಿದ ಎರಡು ಬಾಟಲಿ ಲಸಿಕೆ, ಹದಿನಾಲ್ಕು ಕುರಿಮರಿ. ಮೊದಲ ಮೂರು ನನ್ನ ಲೆಕ್ಕಕ್ಕೆ ಹೋದವು. ಮರಿಗಳು ಬೇರೆಯವರವು. ಯಾಕಾಯಿತು ಅಂತ ಕೇಳಿದರೆ, ನಾನು ಫಂಕ್ಷನ್ನನ್ನು ಪರೀಕ್ಷೆ ಮಾಡಿದೆ, ಕುರಿಯನ್ನು ನೋಡಲಿಲ್ಲ. ಹದಿನಾರು ವರ್ಷ ಕುರಿ ನೋಡಿಯೇ ಅನ್ನ ತಿಂದವನು ನಾನು.

ಕಂಪ್ಯೂಟರ್ ಕಲಿಸುವುದಕ್ಕೆ ಮುಂಚೆ ನಾನು ಹಿರಿಯೂರು ಸಂತೆಯಲ್ಲಿ ಕುರಿ ದಲ್ಲಾಳಿ. ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುವವನು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ದುರ್ಗದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ತರಬೇತಿ ಕೇಂದ್ರದಿಂದ ನಾಲ್ಕು ಹಳೇ ಕಂಪ್ಯೂಟರನ್ನು ಟಗರು ಕೊಂಡ ಹಾಗೆ ಹಲ್ಲು ಹಿಡಿದು ನೋಡಿ ತಂದಿದ್ದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ಅಂತ ಬೋರ್ಡ್ ಹಾಕಿದೆ. ಪೈಥಾನ್ ಯಾಕೆ ಕಲಿಸಿದಿರಿ ಅಂತ ಈಗಲೂ ಜನ ಕೇಳುತ್ತಾರೆ. ಪುಕ್ಕಟೆ ಸಿಕ್ಕಿತು, ಅದಕ್ಕೆ. ಒಂದು ಸಿಡಿ, ಮುನ್ನೂರು ಪುಟದ ಒಂದು ಪ್ರಿಂಟೌಟ್. ಕಲಿಯುವವರಿಗಿಂತ ಒಂದು ಅಧ್ಯಾಯ ಮುಂದೆ ಓದಿಕೊಂಡಿದ್ದರೆ ಸಾಕು ಅನ್ನುವುದು ನನ್ನ ಧೈರ್ಯ.

ಆ ಬೇಸಿಗೆಯಲ್ಲಿ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬರು ನಲವತ್ತರ ಹತ್ತಿರದ ಹೆಂಗಸು. ಯಲ್ಲದಕೆರೆ ಕಡೆಯ ಒಂದು ಹಟ್ಟಿಯವರು, ಅಲ್ಲಿನ ಕುರಿ ಸಾಕುವವರ ಸಂಘದ ಕಾರ್ಯದರ್ಶಿ. ಓದು ಹತ್ತನೇ ತರಗತಿ. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವರು. ಅವರಿಗೆ ಬೇಕಾದದ್ದು ಒಂದೇ: ಹಟ್ಟಿಯ ಕುರಿಗಳ ಪಟ್ಟಿಯನ್ನು ತಾವೇ ಎಣಿಸಿ, ಕರುಳುಬೇನೆ ಲಸಿಕೆ ಎಷ್ಟು ಬೇಕು ಅಂತ ಪಶು ಆಸ್ಪತ್ರೆಗೆ ಬರೆದುಕೊಡುವುದು. ಹಿಂದಿನ ವರ್ಷ ಯಾರೋ ಅಂದಾಜಿನಲ್ಲಿ ಬರೆದುಕೊಟ್ಟು ಲಸಿಕೆ ಉಳಿದು ಹಾಳಾಗಿ, ಡಾಕ್ಟರು ಎಲ್ಲರ ಮುಂದೆ ಬೈದಿದ್ದರಂತೆ.

ಕರುಳುಬೇನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲ ಮಳೆ ಬಿದ್ದು ಎಳೇ ಹುಲ್ಲು ಚಿಗುರಿದಾಗ ಬರುತ್ತದೆ. ಬಡಕಲು ಮರಿಯನ್ನು ಮುಟ್ಟುವುದಿಲ್ಲ, ಚೆನ್ನಾಗಿ ಹಾಲು ಕುಡಿದು ದುಂಡಗಾದದ್ದನ್ನೇ ಹುಡುಕಿ ಹಿಡಿಯುತ್ತದೆ. ಮುಂಗಾರಿಗೆ ಮುಂಚೆ ಸೂಜಿ ಹಾಕಿಸಬೇಕು. ಮಳೆ ಬಿದ್ದ ಮೇಲೆ ಓಡಾಡಿ ಏನೂ ಸುಖವಿಲ್ಲ.

ನಾನು ಅವರಿಗೆ ಹೇಳಿದ್ದು, "ಒಂದು ಪ್ರಾಣಿಗೆ ಒಂದು ಸಾಲು ಟೈಪ್ ಮಾಡ್ಕಳ್ರಿ. ಆಮೇಲೆ ಸಾಲು ಎಣಿಸೋ ಫಂಕ್ಷನ್ ಬರೆಯಾಣ." ಅವರು ಹನ್ನೆರಡು ದಿನ ಒಂದೊಂದೇ ಬೆರಳಿನಲ್ಲಿ ಕುಟ್ಟಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಯಜಮಾನನ ಹೆಸರು, ಪಕ್ಕದಲ್ಲಿ ಕುರಿಯ ಗುರುತು: ಕರಿ ಕುರಿ, ಕಿವಿ ಸೀಳಿದ್ದು, ಟಗರು, ತಾಯಿಮರಿ, ಕೆಂದ, ತಾಯಿಮರಿ. ಪಟ್ಟಿ ಮುಗಿದ ದಿನ ಫಂಕ್ಷನ್ ಕೂಡ ತಾವೇ ಬರೆದರು. ನಾನು ಬದಲಾಯಿಸದೆ ಇಟ್ಟುಕೊಂಡಿರುವ ಅದರ ಮೊದಲ ರೂಪ ಇದು:

def enike(patti):
    for saalu in patti:
        lekka = 0
        lekka = lekka + 1
        return lekka

ಓಡಿಸಿದರು. ಪರದೆಯ ಮೇಲೆ ಒಂದು ಅಂತ ಬಂತು. ಇನ್ನೊಮ್ಮೆ ಓಡಿಸಿದರು. ಮತ್ತೂ ಒಂದು.

"ಏನ್ ಸಾರ್ ಇದು, ಹಟ್ಟಿ ಕುರಿ ಎಲ್ಲಾ ತಿಂದ್ಕಂಡು ಒಂದು ಅಂತೈತೆ. ತೋಳ ಸಾಕಿದೀರಾ ಇದ್ರೊಳಗೆ?"

"ಸಿಟ್ಟಾಗಬ್ಯಾಡ್ರಿ ಅಕ್ಕಾ. ತೋಳ ಎಲ್ಲಿ ಕುಂತೈತೆ ನೋಡಾಣ."

ದೊಡ್ಡ ಪಟ್ಟಿ ಇಟ್ಟುಕೊಂಡು ತಪ್ಪು ಹುಡುಕಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಐದೇ ಸಾಲಿನ ಇನ್ನೊಂದು ಫೈಲ್ ಮಾಡಿಸಿದೆ. ಅದಕ್ಕೂ ಒಂದು ಅಂತಲೇ ಉತ್ತರ. ಲೆಕ್ಕ ಏರುವ ಸಾಲಿನ ಕೆಳಗೆ, ಆಗಿನ ಸಾಲನ್ನು ಪರದೆಗೆ ತೋರಿಸುವ ಒಂದು ಪ್ರಿಂಟ್ ಸೇರಿಸಿದೆವು. ಒಂದೇ ಕುರಿ ಬಂದು ನಿಂತಿತು. ಉಳಿದ ನಾಲ್ಕು ಬರಲೇ ಇಲ್ಲ. ಅಂದರೆ ಸಾಲಿಗೊಂದು ಸಲ ತಿರುಗಬೇಕಾದ for ಸುತ್ತು ಮೊದಲ ಸಲವೇ ಮುರಿಯುತ್ತಿದೆ. ರಿಟರ್ನ್ ಸಾಲು ಸುತ್ತಿನ ಒಳಗೆ ಕೂತಿತ್ತು.

"ರೊಪ್ಪದ ಬಾಗ್ಲಲ್ಲಿ ನಿಂತು ಎಣಿಸ್ತಿದೀರಿ ಅನ್ಕಳ್ರಿ," ಅಂದೆ. "ಮೊದಲನೇ ಕುರಿ ಹೊರಗೆ ಬಂದ ಕೂಡ್ಲೇ ಲೆಕ್ಕ ಒಪ್ಪಿಸಿ ಮನೆಗೆ ಹೋದ್ರೆ?"

"ನಮ್ಮ ಮಾವ ಕೋಲು ತಗಂತಾರೆ."

ರಿಟರ್ನನ್ನು ಎಡಕ್ಕೆ ಸರಿಸಿ ಸುತ್ತಿನ ಹೊರಗೆ ಇಟ್ಟರು. ಈಗ ಐದು ಕುರಿಯೂ ಪರದೆಗೆ ಬಂದವು. ಉತ್ತರ ಮಾತ್ರ ಮತ್ತೆ ಒಂದು. ಅವರು ಕುರ್ಚಿ ಹಿಂದಕ್ಕೆ ತಳ್ಳಿದರು. ನಾನು ಪ್ರಿಂಟೌಟ್ ತಿರುವಿದೆ, ಸಿಗಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಆ ದಿನ ಅಲ್ಲಿಗೆ ಮುಗಿಯಿತು.

ಮರುದಿನ ಅವರೇ ಹಿಡಿದರು. ಲೆಕ್ಕವನ್ನು ಸೊನ್ನೆ ಮಾಡುವ ಸಾಲು ಸುತ್ತಿನ ಒಳಗಿತ್ತು. ಪ್ರತಿ ಕುರಿಗೂ ಲೆಕ್ಕ ಅಳಿಸಿ, ಹೊಸದಾಗಿ ಒಂದು ಅಂತ ಶುರು ಮಾಡುತ್ತಿತ್ತು. ಬಸ್ಸಿನಲ್ಲಿ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿ, ಬಿಚ್ಚಿ, ಹಾಕಿ ನೋಡಿದರಂತೆ. "ಹಾಕಿದ್ದ ಗಂಟು ನಾನೇ ಬಿಚ್ತಾ ಇದ್ದೆ ಸಾರ್," ಅಂದರು. ಆ ಸಾಲನ್ನು ಮೇಲಕ್ಕೆ ಒಯ್ದರು. ಐದು ಸಾಲಿಗೆ ಐದು ಬಂತು.

ದೊಡ್ಡ ಪಟ್ಟಿ ಕೊಟ್ಟೆವು. ಆರುನೂರ ಮೂವತ್ತೆರಡು. ಅವರ ಮುಖ ಇಳಿಯಿತು. ಅವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಆರುನೂರ ಹನ್ನೆರಡು. ಇಪ್ಪತ್ತು ಹೆಚ್ಚು. ಪಟ್ಟಿಯನ್ನು ಮೇಲಿಂದ ಕೆಳಗೆ ಓಡಿಸಿ ನೋಡಿದೆ. ಒಂದೊಂದು ಮನೆಯ ಕುರಿ ಮುಗಿದ ಮೇಲೆ ಒಂದೊಂದು ಖಾಲಿ ಸಾಲು ಬಿಟ್ಟಿದ್ದರು. ಹಟ್ಟಿಯಲ್ಲಿ ಇಪ್ಪತ್ತೊಂದು ಮನೆ, ನಡುವೆ ಇಪ್ಪತ್ತು ಖಾಲಿ ಸಾಲು. ಕಂಪ್ಯೂಟರಿಗೆ ಖಾಲಿ ಸಾಲೂ ಒಂದು ಕುರಿ. ಖಾಲಿ ಇದ್ದರೆ ಬಿಟ್ಟು ಮುಂದೆ ಹೋಗು ಅನ್ನುವ ಎರಡು ಸಾಲು ಸೇರಿಸಿದೆವು. ಆರುನೂರ ಹನ್ನೆರಡು ಬಂತು.

ಆದರೂ ನಾನು ಸುಮ್ಮನಾಗಲಿಲ್ಲ. ದಲ್ಲಾಳಿಗೆ ಎರಡನೇ ಸಲ ಎಣಿಸದೆ ನಿದ್ದೆ ಬರುವುದಿಲ್ಲ. ಪಟ್ಟಿಯನ್ನು ಪ್ರಿಂಟ್ ತೆಗೆದು ಅವರು ಗಟ್ಟಿಯಾಗಿ ಓದಿದರು, ನಾನು ಹಾಳೆಯ ಮೇಲೆ ಗೀಟು ಎಳೆದೆ. ಕರಿ ಕುರಿ, ಗೀಟು. ತಾಯಿಮರಿ, ಗೀಟು. ಕೆಂದ, ಗೀಟು. ಒಂದೂವರೆ ಗಂಟೆ. ಕೊನೆಗೆ ಆರುನೂರ ಹನ್ನೆರಡು ಗೀಟು. ಪ್ರಿಂಟಿನ ಮೇಲೆ ನಮ್ಮ ಕೇಂದ್ರದ ಸೀಲು ಒತ್ತಿ ಕೊಟ್ಟೆ. ಅವರು ಅದನ್ನು ಮಡಿಸದೆ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು ಆಸ್ಪತ್ರೆಗೆ ಹೋದರು.

ಆ ಗೀಟಿನ ಹಾಳೆ ಈಗಲೂ ನನ್ನ ಹತ್ತಿರ ಇದೆ. ತಾಯಿಮರಿ ಅನ್ನುವ ಪದವನ್ನು ಎಪ್ಪತ್ತನಾಲ್ಕು ಸಲ ಕಿವಿಯಾರೆ ಕೇಳಿ, ಎಪ್ಪತ್ತನಾಲ್ಕು ಸಲವೂ ಒಂದೇ ಗೀಟು ಎಳೆದಿದ್ದೇನೆ. ಕೈ ಎಲ್ಲೂ ತಡೆಯಲಿಲ್ಲ. ಸಂತೆಯಲ್ಲಿ ತಾಯಿ ಜೊತೆ ಮೊಲೆ ಬಿಡದ ಮರಿ ಇದ್ದರೆ ಎರಡೂ ಸೇರಿ ಒಂದೇ. ದರ ಒಂದು, ಕೊಡುವುದು ಒಂದು, ಹಗ್ಗ ಒಂದು. ಹಟ್ಟಿಯ ರೊಪ್ಪದಲ್ಲೂ ಹಾಗೇ. ಬೇರೆ ಕಡೆಯಿಂದ ಬಂದ ಯಾವ ಮೇಷ್ಟ್ರಾಗಿದ್ದರೂ "ಇದೇನ್ರಿ ತಾಯಿಮರಿ?" ಅಂತ ಕೇಳಿಬಿಡುತ್ತಿದ್ದ. ನನಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಬಾಟಲಿಗೆ ನಲವತ್ತು ಕುರಿ. ಡಾಕ್ಟರು ಹದಿನಾರು ಬಾಟಲಿ ತರಿಸಿದರು. ಸೂಜಿ ಹಾಕುವ ದಿನ ನಾನೂ ಹಟ್ಟಿಗೆ ಹೋದೆ. ಪ್ರೀತಿಯಿಂದೇನೂ ಅಲ್ಲ. ಕಂಪ್ಯೂಟರ್ ಎಣಿಸಿದ ಹಟ್ಟಿ ಅಂತ ಒಂದು ಫೋಟೋ ತೆಗೆಸಿ ಬೋರ್ಡಿನ ಪಕ್ಕ ತೂಗುಹಾಕಿದರೆ ನಾಲ್ಕು ಜನ ಸೇರುತ್ತಾರೆ ಅನ್ನುವ ಲೆಕ್ಕಾಚಾರ. ಕ್ಯಾಮೆರಾದವನನ್ನು ಕರೆದುಕೊಂಡೇ ಹೋಗಿದ್ದೆ.

ಒಂದೊಂದೇ ಮನೆಯ ಕುರಿ ಬಂದವು. ಸೂಜಿ ಬಿದ್ದದ್ದಕ್ಕೆ ಬೆನ್ನಿನ ಮೇಲೆ ನೀಲಿ ಬಣ್ಣ. ಕಾರ್ಯದರ್ಶಿ ತಮ್ಮ ಮನೆಯ ಕುರಿಗಳನ್ನು ಕಟ್ಟಕಡೆಗೆ ನಿಲ್ಲಿಸಿದ್ದರು. ಮುಂದೆ ನಿಲ್ಲಿಸಿದರೆ ಆಡಿಕೊಳ್ಳುತ್ತಾರೆ, ಸಂಘದವರು ಮೊದಲು ತಮ್ಮದು ನೋಡಿಕೊಂಡರು ಅಂತ. ಮಧ್ಯಾಹ್ನ ಎರಡರ ಹೊತ್ತಿಗೆ ಡಾಕ್ಟರು ಹದಿನಾರನೇ ಬಾಟಲಿಯನ್ನು ತಲೆಕೆಳಗು ಮಾಡಿ ಕೊನೆಯ ಹನಿ ಎಳೆದರು. ಇಪ್ಪತ್ತು ಮನೆ ಮುಗಿದಿತ್ತು. ಕಾರ್ಯದರ್ಶಿಯ ಮನೆಯದು ಒಂದೂ ಆಗಿರಲಿಲ್ಲ. ಪಟ್ಟಿಯಲ್ಲಿ ಅವರದು ಇಪ್ಪತ್ತೇಳು ಸಾಲು. ರೊಪ್ಪದಲ್ಲಿ ನಿಂತಿದ್ದ ಜೀವ ನಲವತ್ತಾರು.

"ಆರುನೂರ ಹನ್ನೆರಡು ಅಂತ ಬರ್ಕೊಟ್ಟೋರು ಯಾರ್ರಿ?" ಅಂದರು ಡಾಕ್ಟರು. "ನಾನು ಆರುನೂರ ನಲವತ್ತು ಹಾಕಿದೀನಿ. ಇನ್ನೂ ಐತಲ್ಲ ಇಲ್ಲಿ?"

"ಲೆಕ್ಕ ಸರಿ ಐತೆ ಸಾರ್," ಅಂತ ನಾನು ಮುಂದೆ ಬಂದೆ. "ಎರಡೆರಡು ಸಲ ನೋಡಿದೀವಿ. ಬೇರೆ ಹಟ್ಟಿ ಕುರಿ ಸೇರ್ಕಂಡಿರ್ಬೇಕು."

ಗೋಡೆಗೆ ಒರಗಿ ಕುಂತಿದ್ದ ಮುದುಕ, ಕಾರ್ಯದರ್ಶಿಯ ಮಾವ, ಬಾಯಿಂದ ಬೀಡಿ ತೆಗೆದ. "ಲೇ ದಲ್ಲಾಳಿ ಮೇಷ್ಟ್ರೆ, ಯಾರ ಕುರಿ ಯಾವುದು ಅಂತ ನಮಗೆ ಗೊತ್ತಿಲ್ವೇನಪ್ಪ? ಮರಿ ಯಾವ ಲೆಕ್ಕಕ್ಕೆ ಹಾಕಿದೀಯ?"

"ತಾಯಿ ಜೊತೆ."

"ಹ್ಞೂಂ. ಸಂತೆ ಲೆಕ್ಕ." ಬೀಡಿ ಮತ್ತೆ ಬಾಯಿಗಿಟ್ಟ. "ಸೂಜಿಗೆ ಅದು ಎರಡಪ್ಪ."

ಕಾರ್ಯದರ್ಶಿ ಸೀಲು ಒತ್ತಿದ ಹಾಳೆಯನ್ನು ತೆರೆದು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ತಾಯಿಮರಿಗಳನ್ನು ಎಣಿಸಿದರು. ಎಪ್ಪತ್ತನಾಲ್ಕು. ಆರುನೂರ ಹನ್ನೆರಡಕ್ಕೆ ಎಪ್ಪತ್ತನಾಲ್ಕು ಕೂಡಿಸಿದರೆ ಆರುನೂರ ಎಂಬತ್ತಾರು. ಆರುನೂರ ನಲವತ್ತು ಕಳೆದರೆ ನಲವತ್ತಾರು. ಲೆಕ್ಕ ಸರಿಯಾಗಿ ಕೂತಿತು. ಅಷ್ಟು ಸರಿಯಾಗಿ ಕೂತ ಲೆಕ್ಕವನ್ನು ನಾನು ಬೇರೆ ನೋಡಿಲ್ಲ. ಕಂಪ್ಯೂಟರೂ ಸಾಲು ಎಣಿಸಿತ್ತು, ನಾನೂ ಸಾಲು ಎಣಿಸಿದ್ದೆ. ಕುರಿ ಎಣಿಸಿದವರು ಯಾರೂ ಇರಲಿಲ್ಲ.

"ತಪ್ಪು ನಂದು ಮಾವ," ಅಂದರು ಆಕೆ.

ನನ್ನದು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳುವ ಬದಲು ಡಾಕ್ಟರ ಹತ್ತಿರ ಚೌಕಾಸಿಗೆ ನಿಂತೆ. ಮುಂದಿನ ಸರಬರಾಜು ಯಾವಾಗ? ಹದಿನೈದು ದಿನ. ಬೇಗ ಆಗಲ್ವಾ? ಆಗಲ್ಲ. ದುರ್ಗದಲ್ಲಿ ಅಂಗಡಿಯಲ್ಲಿ ಸಿಕ್ಕರೆ? ತಂದರೆ ಹಾಕುತ್ತೇನೆ, ಐಸ್‌ನಲ್ಲಿ ತನ್ನಿ, ಬಿಸಿಲಿಗೆ ಬಿದ್ದರೆ ಕೆಲಸಕ್ಕೆ ಬರಲ್ಲ ಅಂದರು. ಫೋಟೋದವನನ್ನು ವಾಪಸ್ ಕಳಿಸಿದೆ.

ಮರುದಿನ ಬೆಳಗ್ಗೆ ದುರ್ಗಕ್ಕೆ ಹೋದೆ. ಮೂರು ಅಂಗಡಿ ಸುತ್ತಿದ ಮೇಲೆ ಒಂದರಲ್ಲಿ ಸಿಕ್ಕಿತು. ಎರಡೇ ಬಾಟಲಿ ಉಳಿದಿತ್ತು, ನನಗೆ ಬೇಕಾದದ್ದೂ ಎರಡೇ. ದರದಲ್ಲಿ ಒಂದಿಷ್ಟು ಇಳಿಸಿದೆ. ಅಂಗಡಿಯವನು ಥರ್ಮಾಕೋಲಿನ ಡಬ್ಬಿ, ಒಳಗೆ ಹಾಕುವ ಐಸ್ ಪ್ಯಾಕು ಮುಂದಿಟ್ಟ. ಡಬ್ಬಿಯ ದರ ಇಳಿಸಲು ಒಪ್ಪಲಿಲ್ಲ.

"ಡಬ್ಬಿ ಇಲ್ದೆ ಒಯ್ಬ್ಯಾಡ್ರಿ ಯಜಮಾನ್ರೆ."

"ಒಂದು ತಾಸಿನ ದಾರಿ ಕಣಪ್ಪ. ಹಿರಿಯೂರು, ಡೆಲ್ಲಿ ಅಲ್ಲ."

ಡಬ್ಬಿ ಬಿಟ್ಟು ಎದ್ದು ನಡೆದೆ. ಎದ್ದು ನಡೆದರೆ ಹಿಂದಿನಿಂದ ಕೂಗಿ ದರ ಇಳಿಸುತ್ತಾರೆ, ಸಂತೆಯಲ್ಲಿ ಅದು ನಡೆಯುತ್ತದೆ. ಅವನು ಕೂಗಲಿಲ್ಲ. ಹಿಂತಿರುಗಿ ಹೋಗಲು ನನಗೆ ಮನಸ್ಸಾಗಲಿಲ್ಲ. ಸೋಡಾ ಅಂಗಡಿಯಲ್ಲಿ ನಾಲ್ಕು ತುಂಡು ಐಸ್ ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಂಡು, ಬಾಟಲಿಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬಸ್ ಹತ್ತಿದೆ. ಐಮಂಗಲ ದಾಟುವ ಮುಂಚೆ ಬಸ್ಸಿನ ಟೈರು ಹೋಯಿತು. ಬದಲಿ ಟೈರಿನಲ್ಲಿ ಗಾಳಿ ಇಲ್ಲ. ಎರಡೂವರೆ ತಾಸು ರಸ್ತೆ ಪಕ್ಕ. ನೆರಳಿಗೆ ಒಂದು ಜಾಲಿ ಗಿಡ, ಅದರ ಕೆಳಗೆ ಮೂವತ್ತು ಜನ. ಐಸ್ ನೀರಾಗಿ ಕವರಿನ ತೂತಿನಿಂದ ನನ್ನ ಪಂಚೆಯ ಮೇಲೆ ಸೋರಿ, ಅಲ್ಲೇ ಒಣಗಿತು.

ಸಂಜೆ ಹಟ್ಟಿಯಲ್ಲಿ ಡಾಕ್ಟರು ಬಾಟಲಿಯನ್ನು ಮುಂಗೈಗೆ ಒತ್ತಿ ನೋಡಿದರು. ನನ್ನ ಕೈಗೇ ವಾಪಸ್ ಕೊಟ್ಟರು.

"ಹಾಕಿ ನೋಡ್ರಿ ಸಾರ್. ಹಾಕಿದ್ರೆ ನಷ್ಟ ಏನಿಲ್ಲವಲ್ಲ?"

"ಐತೆ. ಬೆನ್ನಿಗೆ ನೀಲಿ ಬಣ್ಣ ಬಿದ್ರೆ ಇವ್ರು ಧೈರ್ಯವಾಗಿ ಹಸಿರಿಗೆ ಬಿಡ್ತಾರೆ. ಈಗ ಭಯಕ್ಕಾದ್ರೂ ಕಟ್ಟಿ ಹಾಕ್ತಾರೆ."

ಕಾರ್ಯದರ್ಶಿ ನನ್ನ ಕೈಯಿಂದ ಎರಡೂ ಬಾಟಲಿ ತೆಗೆದುಕೊಂಡು, ಮುಚ್ಚಳ ಕಿತ್ತು, ರೊಪ್ಪದ ಆಚೆ ಸುರಿದರು. ಮನೆಯಲ್ಲಿಟ್ಟರೆ ಯಾರಾದರೂ ಆಸೆಗೆ ಹಾಕಿಬಿಡುತ್ತಾರೆ ಅಂತ.

ನಾಲ್ಕನೇ ದಿನ ಮಳೆ ಬಂತು. ಒಳ್ಳೇ ಮಳೆ. ಉಳಿದ ಇಪ್ಪತ್ತು ಮನೆಯವರು ಖುಷಿಯಾದರು. ಈ ಮನೆಯ ನಲವತ್ತಾರನ್ನು ಮಾತ್ರ ರೊಪ್ಪದಲ್ಲೇ ಕಟ್ಟಿ, ಒಣ ಸೊಪ್ಪು, ಶೇಂಗಾ ಹೊಟ್ಟು ಹಾಕಿದರು. ಆರು ದಿನಕ್ಕೆ ಅದೂ ಮುಗಿಯಿತು. ಹಸಿದ ತಾಯಿ ಹಾಲು ಇಳಿಸಲಿಲ್ಲ, ಮರಿ ಅರಚಿದವು. ಏಳನೇ ದಿನ ಮುದುಕ ಬೇಲಿ ತೆಗೆದ. ಹೊಟ್ಟೆಗಿಲ್ಲದೆ ಸಾಯುವುದನ್ನು ನೋಡಲಾರೆ ಅಂದನಂತೆ.

ನಾನು ಹೋದ ದಿನ ಐದನೆಯದು ಸಾಯುತ್ತಿತ್ತು. ಹಿಂದಿನ ಸಂಜೆ ಜಿಗಿದಾಡಿದ ಮರಿ. ಕತ್ತು ಹಿಂದಕ್ಕೆ ಎಳೆದುಕೊಂಡು, ಕಾಲು ಸೈಕಲ್ ತುಳಿದ ಹಾಗೆ ಆಡಿಸುತ್ತಿತ್ತು. ಮುದುಕ ಅದರ ಹೊಟ್ಟೆ ನೀವುತ್ತಾ ಕುಂತಿದ್ದ. ತಾಯಿಕುರಿ ಪಕ್ಕದಲ್ಲೇ ಹುಲ್ಲು ಕಡಿಯುತ್ತಿತ್ತು. ದೊಡ್ಡ ಕುರಿಗಳು ಹಿಂದಿನ ವರ್ಷದ ಸೂಜಿಯ ಬಲದಲ್ಲಿ ಉಳಿದವು ಅಂತ ಡಾಕ್ಟರು ಆಮೇಲೆ ಹೇಳಿದರು. ಹತ್ತೊಂಬತ್ತು ಮರಿಗಳಲ್ಲಿ ಹದಿನಾಲ್ಕು ಹೋದವು, ದುಂಡಗಿದ್ದವೇ ಮೊದಲು. ಮೊದಲೇ ತಿಳಿದಿದ್ದರೆ ಇದ್ದ ಲಸಿಕೆಯನ್ನು ಎಲ್ಲಾ ಮನೆಯ ಮರಿಗಳಿಗೆ ಮೊದಲು ಹಾಕಿ, ದೊಡ್ಡವನ್ನು ಬಿಡಬಹುದಿತ್ತು ಅಂತಲೂ ಹೇಳಿದರು. ಅದನ್ನು ಅವರು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಮುದುಕನ ಪಕ್ಕ ಕುಂತು, "ತಪ್ಪು ನಂದು ಯಜಮಾನ್ರೆ. ನಿಮ್ಮ ಸೊಸೇದಲ್ಲ," ಅಂದೆ.

"ಈಗ ಹೇಳಿದ್ಯಲ್ಲ," ಅಂದ ಅವನು. "ಅವತ್ತು ಎಲ್ರೂ ಇದ್ರು."

ಎರಡು ತಿಂಗಳು ಆಕೆ ಬರಲಿಲ್ಲ. ಆ ನಡುವೆ ನಾನು ಫಂಕ್ಷನ್ ತೆರೆದು ಒಂದು ಷರತ್ತು ಸೇರಿಸಿದೆ. ಸಾಲಿನಲ್ಲಿ ತಾಯಿಮರಿ ಅಂತ ಇದ್ದರೆ ಲೆಕ್ಕಕ್ಕೆ ಎರಡು, ಇಲ್ಲದಿದ್ದರೆ ಒಂದು. ಅರ್ಧ ನಿಮಿಷದ ಕೆಲಸ. ಓಡಿಸಿದೆ. ಆರುನೂರ ಎಂಬತ್ತಾರು ಅಂತ ಬಂತು. ಪರದೆ ಆರಿಸಿ ಹೊರಗೆ ಹೋಗಿ ನಿಂತೆ.

ಆಷಾಢ ಮುಗಿದ ಮೇಲೆ ಒಂದು ಬೆಳಗ್ಗೆ ಆಕೆ ಬಂದರು. ಕುಂತ್ಕಳ್ರಿ ಅನ್ನುವ ಮುಂಚೆಯೇ ತಮ್ಮ ಹಳೇ ಜಾಗದಲ್ಲಿ ಕುಂತರು.

"ಫೈಲ್ ತೆಗೀರಿ ಸಾರ್. ತಿದ್ದೋದೈತೆ."

ತೆಗೆದುಕೊಟ್ಟೆ. ಕೆಳಗೆ, ಕಟ್ಟಕಡೆಯ ಮನೆಗೆ ಹೋದರು. ತಾಯಿಮರಿ ಅಂತಿದ್ದ ಸಾಲಿನ ಕೊನೆಗೆ ನಿಂತು, ಅಳಿಸುವ ಕೀ ನಾಲ್ಕು ಸಲ ಒತ್ತಿದರು. ತಾಯಿ ಅಂತ ಉಳಿಯಿತು. ಮುಂದಿನದು. ನಾಲ್ಕು ಸಲ. ಒಂದೇ ಏಟಿಗೆ ಎಲ್ಲಾ ಬದಲಾಯಿಸುವ ದಾರಿ ಇದೆ ಅಂತ ಹೇಳಲು ಬಾಯಿ ತೆರೆದೆ. ಆದರೆ ಎಲ್ಲಾ ಅಲ್ಲ, ಐದು ಉಳಿದಿವೆ, ಯಾವ ಐದು ಅಂತ ಅವರಿಗೆ ಮಾತ್ರ ಗೊತ್ತು. ಹದಿನಾಲ್ಕು ಸಲ ಅದನ್ನು ನೋಡಿದೆ.

ಆಮೇಲೆ ಫಂಕ್ಷನ್ ಓದಿದರು. ನಾನು ಸೇರಿಸಿದ್ದ ಷರತ್ತಿನ ಮೇಲೆ ಬೆರಳಿಟ್ಟು, "ಇದು ಸರಿ," ಅಂದರು. ಓಡಿಸಿದರು. ಆರುನೂರ ಎಪ್ಪತ್ತೆರಡು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂಗಾರಿಗೆ ಮುಂಚೆ ಇನ್ನೊಂದು ಸೂಜಿ ಇತ್ತು.

"ಈ ಸಲ ಸೀಲು ಹಾಕ್ಬ್ಯಾಡ್ರಿ," ಅಂದರು. "ರೊಪ್ಪಕ್ಕೆ ಹೋಗಾಣ ಬರ್ರಿ. ನಾನು ಹಾಳೆ ಹಿಡ್ಕಂತೀನಿ, ನೀವು ಬಾಗ್ಲಲ್ಲಿ ನಿಂತ್ಕಂಡು ಒಂದೊಂದೇ ತಲೆ ಮುಟ್ಟಿ ಎಣಿಸ್ರಿ."

ಹೋದೆ. ಮುಟ್ಟಿ ಎಣಿಸಿದೆ.

ನಿಮಗೆ ನಾನು ಹೇಳುವುದು ಇಷ್ಟು. ಫಂಕ್ಷನ್ ಒಂದು ಅಂತ ತೋರಿಸಿದರೆ ಹೆದರಬೇಡಿ, ಅಷ್ಟು ದೊಡ್ಡ ತಪ್ಪು ಕಣ್ಣಿಗೆ ತಾನೇ ಬೀಳುತ್ತದೆ. ರಿಟರ್ನ್ ಎಲ್ಲಿದೆ, ಸೊನ್ನೆ ಎಲ್ಲಿದೆ, ಖಾಲಿ ಸಾಲು ಎಷ್ಟಿದೆ ನೋಡಿಕೊಳ್ಳಿ, ಐದು ಸಾಲಿನ ಫೈಲಿನಲ್ಲಿ ಮೊದಲು ಓಡಿಸಿ. ಉತ್ತರ ತಾಳೆಯಾದ ಮೇಲೆ ಹೆಚ್ಚು ಹುಷಾರಾಗಿರಿ. ಪಟ್ಟಿಯನ್ನು ಪಟ್ಟಿಯ ಜೊತೆಗೇ ತಾಳೆ ನೋಡಬೇಡಿ, ಎದ್ದು ವಸ್ತು ಇರುವ ಜಾಗಕ್ಕೆ ಹೋಗಿ. ಪಟ್ಟಿ ಬರೆದವರನ್ನು ಕೇಳಿ, ನೀವು ಒಂದು ಅನ್ನುವುದು ಯಾವುದಕ್ಕೆ ಅಂತ. ಆ ಕಸುಬು ನಿಮ್ಮದೂ ಆಗಿದ್ದರೆ, ಏನೂ ಗೊತ್ತಿಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಲಿ ಕೇಳಿಸಿ. ತಪ್ಪು ನಿಮ್ಮದಾದರೆ ಎಲ್ಲರೂ ಇರುವಾಗಲೇ ಹೇಳಿಬಿಡಿ. ಲಸಿಕೆ ತರಲು ಹೋದರೆ, ದರ ಎಷ್ಟು ಬೇಕಾದರೂ ಕುದುರಿಸಿ, ಡಬ್ಬಿ ಬಿಟ್ಟು ಬರಬೇಡಿ.